ಮಾವನ ಕಾಕತಾಳೀಯ

ಇಡೀ ಶಹಾಪುರದಲ್ಲಿ ತಪ್ಪೇ ಮಾಡದ ಮನುಷ್ಯ ಒಬ್ಬರಿದ್ದಾರೆ. ಅವರು ನನ್ನ ಸೋದರಮಾವ! ನಿವೃತ್ತ ಕನ್ನಡ ಮಾಸ್ತರರು. ಅವರ ಕೈಯಿಂದ ಏನೇ ಕೆಡಲಿ, ಅದು ತಪ್ಪಲ್ಲ, 'ಕಾಕತಾಳೀಯ'.

ಈ ಪದ ಹುಟ್ಟಿದ ಬಗೆಯನ್ನು ಅವರು ಕೇಳಿದವರಿಗೂ, ಕೇಳದವರಿಗೂ, ಕೇಳಲಾರದೆ ಓಡುವವರಿಗೂ ವಿವರಿಸುತ್ತಾರೆ. ಕಾಕ ಎಂದರೆ ಕಾಗೆ, ತಾಳ ಎಂದರೆ ತಾಳೆ ಮರ. ಕಾಗೆ ಬಂದು ಮರದ ಮೇಲೆ ಕೂತಿತು, ಅದೇ ಹೊತ್ತಿಗೆ ಹಣ್ಣು ಬಿತ್ತು. ನೋಡಿದವರು ಕಾಗೆಯೇ ಕೆಡವಿತು ಅಂದುಕೊಂಡರು. ಹಣ್ಣು ಮಾಗಿತ್ತು, ಬಿತ್ತು. ಪಾಪ, ಕಾಗೆ ಏನು ಮಾಡೀತು? ಇಷ್ಟನ್ನು ಹೇಳಲು ಮಾವನಿಗೆ ಮುಕ್ಕಾಲು ಗಂಟೆ ಬೇಕು.

ಒಂದು ಬೇಸಿಗೆ ಮಧ್ಯಾಹ್ನ ಅತ್ತೆಯ ಮಿಕ್ಸರ್ ಬಿಚ್ಚಿ, ಜೋಡಿಸಿ, ಸ್ವಿಚ್ ಒತ್ತಿದರು. ಓಣಿಯ ಕರೆಂಟೇ ಹೋಯಿತು! ಜಗಳಕ್ಕೆ ಬಂದ ಓಣಿಯವರನ್ನು ಕಟ್ಟೆಯ ಮೇಲೆ ಕೂಡಿಸಿ ಕಾಗೆಯ ಕಥೆ ಶುರು ಮಾಡಿದರು. ಹತ್ತು ನಿಮಿಷದಲ್ಲಿ ಕಟ್ಟೆ ಖಾಲಿ. ಫ್ಯಾನಿಲ್ಲದ ಮನೆಯೇ ವಾಸಿ ಅನ್ನಿಸಿರಬೇಕು.

ಸುರಪುರಕ್ಕೆ ನನಗೆ ಕನ್ಯೆ ನೋಡಲು ಹೋದಾಗ ಮಾವ ಹುಡುಗಿಯ ಮನೆಯ ಹಗ್ಗದ ಹೊರಸಿನ ಮೇಲೆ ಕೂತರು. ಹೊರಸು ಮುರಿಯಿತು. ನೆಲದಿಂದ ಏಳುತ್ತಲೇ, "ಇದು ಮುರಿಯೂದಿತ್ರಿ, ನಾ ಬರೇ ಕುಂತೀನಿ" ಎಂದರು. ಆ ಸಂಬಂಧವೂ ಮುರಿಯಿತು. ಅದೂ ಕಾಕತಾಳೀಯವೇ ಇದ್ದೀತು!

ಹೋದ ವರ್ಷ ಒಂದು ಬೆಳಿಗ್ಗೆ ಕೆಂಭಾವಿ ಸಂತೆಗೆಂದು ಬಸ್ ಹತ್ತಿದ ಮಾವ, ಊರು ದಾಟುವ ಮೊದಲೇ ಇಳಿದು ಮನೆಗೆ ಓಡಿ ಬಂದರು. ಅತ್ತೆ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಬಿದ್ದಿದ್ದರು. ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಸರಿಯಾದ ಹೊತ್ತಿಗೆ ಬಂದಿರಿ ಎಂದು ಬಂಧುಗಳೆಲ್ಲ ಹೊಗಳಿದರೆ ಮಾವ ಅದೇ ಹಳೆಯ ಪದ ಹೇಳಿದರು. ಹೆಂಡತಿಯ ಜೀವದ ವಿಷಯದಲ್ಲೂ ಕಾಗೆಯೇ? ನನಗೆ ಸಿಟ್ಟು ನೆತ್ತಿಗೇರಿತು.

ಬಂಧುಗಳೆಲ್ಲ ಹೋದ ಮೇಲೆ, ಆಸ್ಪತ್ರೆಯ ಬೆಂಚಿನ ಮೇಲೆ ಅವರನ್ನು ಹಿಡಿದು ಕೂಡಿಸಿ, ಬಸ್ಸಿನಿಂದ ಯಾಕೆ ಇಳಿದಿರಿ ಎಂದು ಕೇಳಿಯೇಬಿಟ್ಟೆ. ಮಾವ ತಮ್ಮ ಚಪ್ಪಲಿಯನ್ನೇ ನೋಡುತ್ತಾ ಹೇಳಿದರು:

"ನಾ ಹೊರಡೂ ಮುಂದ ನಿಮ್ಮತ್ತಿ ರೊಟ್ಟಿ ಬಡಿಯಾಕತ್ತಿದ್ಲು. ನಡುವ ಎರಡು ಸಲ ಸಪ್ಪಳ ನಿಂತಿತ್ತು. ನಲ್ವತ್ತು ವರ್ಷದಾಗ ಹಂಗ ಎಂದೂ ನಿಂತಿದ್ದಿಲ್ಲ. ಕಿವಿಗೆ ಬಿದ್ದಿತ್ತು, ಆದ್ರೂ ಚೀಲ ತಗೊಂಡು ಹೋದೆ. ತಪ್ಪು ನಂದೇ ಅದ."

ನನ್ನ ಸಿಟ್ಟೆಲ್ಲ ಇಳಿಯಿತು. ಈ ಮನುಷ್ಯನ ಮೇಲೆ ಅಷ್ಟು ಪ್ರೀತಿ ನನಗೆ ಎಂದೂ ಬಂದಿರಲಿಲ್ಲ.

ಅತ್ತೆ ಈಗ ಮನೆಯಲ್ಲಿದ್ದಾರೆ. ಬೇಡವೆಂದರೂ ಕೇಳದೆ ದಿನಕ್ಕೆ ನಾಲ್ಕು ರೊಟ್ಟಿ ಬಡಿಯುತ್ತಾರೆ. ಅಷ್ಟು ಹೊತ್ತೂ ಮಾವ ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತಿರುತ್ತಾರೆ. ನಾಲ್ಕನೆಯ ರೊಟ್ಟಿ ಹಂಚಿಗೆ ಬೀಳುವವರೆಗೂ ಒಂದು ಹಾಳೆಯನ್ನೂ ತಿರುವುವುದಿಲ್ಲ.