ಏಳನೇ ನಂಬರಿನ ಮಾಲತೇಶಪ್ಪ

ಬುಧವಾರ ಮಧ್ಯಾಹ್ನ ಹರಿಹರದ ಕಾರ್ಖಾನೆಯಲ್ಲಿ ಮಾಲತೇಶಪ್ಪ ಮುಖವಾಡ ಎತ್ತಿದ್ದು ಮೂಗಿನ ತುದಿ ತುರಿಸಿಕೊಳ್ಳುವುದಕ್ಕೆ, ಅಷ್ಟೆ. ಅದೇ ಗಳಿಗೆಗೆ ಪಕ್ಕದವನು ಬೆಸುಗೆ ಹಚ್ಚಿದ. ನೀಲಿ ಬೆಳಕು ಚಿಟಿಕೆ ಹೊಡೆಯುವಷ್ಟು ಹೊತ್ತು ಕಣ್ಣಿಗೆ ಹೊಡೆಯಿತು. ಆಗ ಏನೂ ಅನ್ನಿಸಲಿಲ್ಲ. ಗುರುವಾರ ಬೆಳಿಗ್ಗೆ ದಾವಣಗೆರೆಯ ತನ್ನ ವಠಾರದ ಮನೆಯಲ್ಲಿ ಎದ್ದಾಗ, ರೆಪ್ಪೆಯೊಳಗೆ ಯಾರೋ ಹೊಳೆಯ ಮರಳು ತುಂಬಿ ಹೊಲಿಗೆ ಹಾಕಿದಂತಿತ್ತು.

ಅವತ್ತೇ ಪರೀಕ್ಷೆ. ಹನ್ನೊಂದು ವರ್ಷದಿಂದ ಹೆಲ್ಪರಾಗಿಯೇ ಇದ್ದ ಮಾಲತೇಶಪ್ಪನಿಗೆ ಮೇಲೇರಲು ಸಿಕ್ಕ ಒಂದೇ ಮೆಟ್ಟಿಲು ಅದು. ಆ ವರ್ಷ, ಅಂದರೆ ಅರವತ್ತೆಂಟರಲ್ಲಿ, ಕಾರ್ಖಾನೆಗೆ ಹೊಸ ವೆಲ್ಡಿಂಗ್ ಮಿಷನ್ ಬಂದಿತ್ತು. ಹಳೆಯದರಲ್ಲಿ ಗೇಣುದ್ದ ಬೆಸೆಯುವಷ್ಟರಲ್ಲಿ ಕಡ್ಡಿ ಬದಲಿಸಬೇಕು. ಇದರಲ್ಲಿ ಬಂದೂಕಿನಂಥ ಹಿಡಿಯ ಕುದುರೆ ಒತ್ತಿದರೆ ಸಾಕು, ಸುರುಳಿಯಿಂದ ತಂತಿ ತಾನೇ ಬಿಚ್ಚಿಕೊಂಡು ಬರುತ್ತದೆ. ಮೂರು ತಿಂಗಳು ತರಬೇತಿ ಕೊಟ್ಟಿದ್ದರು. ಪಾಸಾದವರಿಗೆಲ್ಲ ಸರ್ಟಿಫಿಕೇಟು, ಮೊದಲು ಬಂದವನಿಗೆ ಮಿಷನ್ ಜೊತೆಗೆ ಆಪರೇಟರ್ ಗ್ರೇಡು.

ಕಣ್ಣಿನ ಸುದ್ದಿ ಹೇಳಿ ರಜೆ ಕೇಳುವ ಹಾಗಿರಲಿಲ್ಲ. ಹಿಂದಿನ ವರ್ಷ ಕೆಂಚಣ್ಣನೆಂಬ ವೆಲ್ಡರು ಕಣ್ಣಲ್ಲಿ ನೀರು ಬರುತ್ತದೆ ಎಂದು ಬಾಯಿ ತಪ್ಪಿ ಅಂದಿದ್ದ. ಅಂದಿನಿಂದ ಅವನು ಗೇಟಿನಲ್ಲಿ ನಿಂತು ಲಾರಿಗಳಿಗೆ ಸಲಾಮು ಹೊಡೆಯುತ್ತಿದ್ದ.

ಹೆಂಡತಿ ಉಡಚಮ್ಮ ತಣ್ಣೀರು ಬಟ್ಟೆ ಹಾಕಿ ಸುಮ್ಮನಿರೋಣವೆಂದಳು. ಆದರೆ ವಠಾರಕ್ಕೆ ಆರು ಬಾಗಿಲು. ಮೊದಲ ಮನೆಯ ಬಸವಣ್ಣೆಮ್ಮ ಹರಳೆಣ್ಣೆ ತಂದು, ಬೇಡವೆನ್ನುವ ಮೊದಲೇ ಎರಡೂ ಕಣ್ಣಿಗೆ ಬಿಟ್ಟಳು. ಅವಳು ಹೊಸಿಲು ದಾಟುವಷ್ಟರಲ್ಲಿ ಎದುರಿನ ಅತ್ತರಿನ ನಬೀ ಸಾಬ್ ಸುರ್ಮಾದ ಭರಣಿ ಹಿಡಿದು ಬಂದ. ಎಣ್ಣೆಯಿಂದ ಕಾವು ಇಳಿಯುವುದಿಲ್ಲ, ಕಾವನ್ನು ಎಳೆಯುವುದು ಸುರ್ಮಾ ಒಂದೇ ಎಂದು ಅವನ ವಾದ. ಎಣ್ಣೆ, ಸುರ್ಮಾ, ಕಣ್ಣೀರು ಮೂರೂ ಕೂಡಿ ಕೆನ್ನೆಯ ಮೇಲೆ ಹರಿದಾಗ, ಮಾಲತೇಶಪ್ಪ ಬಯಲಾಟದ ರಾಕ್ಷಸ ಅರ್ಧ ಬಣ್ಣ ತೊಳೆದು ಎದ್ದುಬಂದಂತೆ ಕಂಡ. ಉಡಚಮ್ಮ ಸೆರಗಿನಿಂದ ಉಜ್ಜಿ ಒರೆಸಿದಳು. ಇನ್ನೂ ಸ್ವಲ್ಪ ತೆರೆದಿದ್ದ ಕಣ್ಣು ಅದರಿಂದ ಪೂರ್ತಿ ಮುಚ್ಚಿತು.

ಅವನ ಕೈ ಹಿಡಿದು ಬಸ್ಸಿಗೆ ಹತ್ತಿಸಿದವನು ಕೊನೆಯ ಮನೆಯ ಭರಮಣ್ಣ. ಅವನದೂ ಅವತ್ತೇ ಪರೀಕ್ಷೆ. ಮೂರು ತಿಂಗಳ ತರಬೇತಿಯಲ್ಲಿ ಎರಡು ತಿಂಗಳು ಅವನು ಗ್ಯಾಸ್ ಸಿಲಿಂಡರಿನ ಮರೆಯಲ್ಲಿ ನಿದ್ದೆ ಮಾಡಿದ್ದ. ಅವನ ಬೆಸುಗೆ ಕೋಳಿ ಕೆದರಿದ ತಿಪ್ಪೆಯ ಹಾಗಿರುತ್ತಿತ್ತು. ಮನಸ್ಸು ಮಾತ್ರ ಒಳ್ಳೆಯದು. ದಾರಿಯುದ್ದಕ್ಕೂ ಕೈ ಬಿಡಲಿಲ್ಲ. ಬಸ್ಸಿನಲ್ಲಿ ಒಬ್ಬ ಅಜ್ಜಿ ಕುರುಡನಿಗೆ ಕೊಟ್ಟರೆ ಪುಣ್ಯವೆಂದು ಮಾಲತೇಶಪ್ಪನ ಕೈಗೆ ಬಾಳೆಹಣ್ಣು ಇಟ್ಟಳು. ಅವನು ಸುಲಿದು ತಿಂದ.

ಪರೀಕ್ಷಕರು ಬೆಂಗಳೂರಿನಿಂದ ಬಂದಿದ್ದರು. ಮಾಲತೇಶಪ್ಪ ಅವರಿಗೆಂದು ಬಗ್ಗಿ ನಮಸ್ಕಾರ ಮಾಡಿದ್ದು ಸಿಲಿಂಡರಿಗೆ. ಹಿಂದೆ ನಿಂತಿದ್ದ ಪರೀಕ್ಷಕರು, ಕೆಲಸ ಶುರು ಮಾಡುವ ಮುಂಚೆ ಮಿಷನ್ನಿಗೆ ಕೈ ಮುಗಿಯುವ ಮನುಷ್ಯ ಎಂದು ಮೆಚ್ಚಿಕೊಂಡರು.

ಎರಡು ಕಬ್ಬಿಣದ ಪ್ಲೇಟು ಸೇರಿಸಿ ಬೆಸೆಯುವುದೇ ಪರೀಕ್ಷೆ, ಅವನ ನಂಬರು ಏಳು. ಮುಖವಾಡದೊಳಗೆ ಕಂಡದ್ದು ಮಂಜಿನಲ್ಲಿ ಉರಿಯುವ ಬುಡ್ಡಿಯಷ್ಟೆ. ಆದರೆ ತರಬೇತಿಯ ವಾಮದೇವಪ್ಪ ಮೇಷ್ಟ್ರು ಹೇಳಿದ್ದ ಒಂದು ಮಾತು ಅವನಿಗೆ ಗೊತ್ತಿತ್ತು: ಹದವಾದ ಎಣ್ಣೆಯಲ್ಲಿ ಮಿರ್ಚಿ ಬಜ್ಜಿ ಬೇಯುವ ಸದ್ದು ಬಂದರೆ ಬೆಸುಗೆ ಸರಿ, ಪಟಪಟ ಸಿಡಿದರೆ ಕೆಟ್ಟಿತು. ಪ್ಲೇಟುಗಳ ಸಂದಿಗೆ ಕೈ ಆನಿಸಿ, ಕಿವಿಯನ್ನೇ ಕಣ್ಣು ಮಾಡಿಕೊಂಡು, ಮಿರ್ಚಿ ಸದ್ದು ಒಮ್ಮೆಯೂ ತಪ್ಪದಂತೆ ಆ ತುದಿಯಿಂದ ಈ ತುದಿಗೆ ಬಂದ. ಮುಗಿದಾಗ ಎದೆ ಹಗುರಾಗಿತ್ತು. ಇಕ್ಕಳದಲ್ಲಿ ಪ್ಲೇಟು ಹಿಡಿದು ಬೆಂಚಿನ ಮೇಲಿನ ಸಾಲಿನ ಕೊನೆಗೆ ಇಟ್ಟ.

ಅವನ ನಂತರ ಕೊನೆಯವನಾಗಿ ಎಂಟನೇ ನಂಬರಿನ ಭರಮಣ್ಣ ಪಟಪಟನೆ ಸಿಡಿಸಿ, ತನ್ನದನ್ನು ಅದರ ಪಕ್ಕಕ್ಕಿಟ್ಟ.

ಆಮೇಲೆ ಎಲ್ಲರ ಕೈಗೂ ಅವರವರ ನಂಬರಿನ ಅಚ್ಚು ಕೊಟ್ಟು, ಅವರವರ ಪ್ಲೇಟಿನ ಮೇಲೆ ಹೊಡೆಯಲು ಹೇಳಿದರು. ಸಾಲಿನ ಕೊನೆಯದು ತನ್ನದೆಂಬ ಒಂದೇ ನೆನಪಿನಲ್ಲಿ ಮಾಲತೇಶಪ್ಪ ತಡವರಿಸದೆ ಹೋಗಿ, ಸುತ್ತಿಗೆ ಎತ್ತಿ, ಕೊನೆಯದರ ಮೇಲೆ ಏಳು ಎಂದು ಬಲವಾಗಿ ಹೊಡೆದ. ಭರಮಣ್ಣ ಉಳಿದ ಪ್ಲೇಟನ್ನು ನೋಡುತ್ತ ಒಂದು ಗಳಿಗೆ ನಿಂತ. ಆಮೇಲೆ ಮೆಲ್ಲಗೆ ಎಂಟು ಹೊಡೆದ.

ಬೆಸುಗೆ ಎಷ್ಟು ಗಟ್ಟಿಯೆಂದು ನೋಡಲು ಪ್ರೆಸ್ಸಿನಲ್ಲಿಟ್ಟು ಬಗ್ಗಿಸಿದಾಗ ಏಳನೆಯದು ಒಣ ರೊಟ್ಟಿಯಂತೆ ಮುರಿದು ಎರಡಾಯಿತು. ಎಂಟನೆಯದು ವೀಳ್ಯದೆಲೆಯಂತೆ ಮಡಿಸಿಕೊಂಡಿತು, ಕೂದಲೆಳೆಯ ಬಿರುಕಿಲ್ಲ. ಹತ್ತು ವರ್ಷದಲ್ಲಿ ಇಂಥ ಕೈ ನೋಡಿಲ್ಲವೆಂದು ಪರೀಕ್ಷಕರು ಎಲ್ಲರಿಗೂ ಕೇಳುವಂತೆ ಹೇಳಿದರು.

ಮುರಿದ ಸದ್ದು ಕೇಳಿಯೇ ಮಾಲತೇಶಪ್ಪನಿಗೆ ತಿಳಿಯಿತು. ಆ ಸದ್ದು ತನ್ನ ಕೈಯದಲ್ಲ.

"ಸಾರ್, ಎಂಟನೇದು ನಂದ್ರಿ," ಎಂದ.

"ಹಾಗಾದರೆ ಇದರ ಮೇಲೆ ಏಳು ಹೊಡೆದವರು ಯಾರು?"

"ನಾನೇ ಸಾರ್."

"ಯಾಕೆ?"

ಇದಕ್ಕೆ ಇದ್ದ ಉತ್ತರ ಒಂದೇ. ಅದನ್ನು ಹೇಳಿದರೆ ಸೋಮವಾರದಿಂದ ಗೇಟಿನಲ್ಲಿ ಕೆಂಚಣ್ಣನ ಪಕ್ಕ ನಿಲ್ಲಬೇಕು.

"ಮರ್ತೆ ಸಾರ್," ಎಂದ.

ತಾನು ಮಾಡಿದ್ದನ್ನು ತಾನೇ ಗುರುತಿಸದವನ ಕೈಗೆ ಮಿಷನ್ ಕೊಡುವುದು ಹೇಗೆ ಎಂದು ಪರೀಕ್ಷಕರು ಬೇಸರದಿಂದಲೇ ಕೇಳಿ, ಹೆಸರಿನ ಪಟ್ಟಿ ಮಡಿಸಿದರು. ನಾಲ್ಕು ಗಂಟೆಗೆ ಭರಮಣ್ಣನಿಗೆ ಸರ್ಟಿಫಿಕೇಟು ಸಿಕ್ಕಿತು. ಹೊಸ ಮಿಷನ್ ಅವನಿಗೆ, ಗ್ರೇಡೂ ಅವನಿಗೆ. ಹೆಲ್ಪರಾಗಿ ಯಾರು ಬೇಕೆಂದು ಫೋರ್‌ಮನ್ ಕೇಳಿದಾಗ ಅವನು ಹಿಂದೆ ಮುಂದೆ ನೋಡದೆ ಮಾಲತೇಶಪ್ಪನ ಹೆಸರು ಹೇಳಿದ.

ಸಂಜೆಯ ಬಸ್ಸಿನಲ್ಲಿ ಮತ್ತೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಅಷ್ಟು ಹೊತ್ತಿಗೆ ಕಣ್ಣಿನ ಉರಿ ತಗ್ಗಿ ಮಾಲತೇಶಪ್ಪನಿಗೆ ಸುಮಾರಾಗಿ ಕಾಣತೊಡಗಿತ್ತು. ಮೊದಲು ಕಂಡದ್ದು ಭರಮಣ್ಣನ ತೊಡೆಯ ಮೇಲಿದ್ದ ಸರ್ಟಿಫಿಕೇಟು. ಬಸ್ಸು ಹರಿಹರ ದಾಟಿತು.

"ಮಾಲತೇಶಣ್ಣ," ಎಂದ ಭರಮಣ್ಣ, ಹಿಂದಿನ ಸೀಟಿನವರಿಗೆ ಕೇಳಿಸದಂತೆ. "ನಂಗೆ ಆ ಮಿಷನ್ ಓಡ್ಸಾಕ ಬರಲ್ಲ ಅನ್ನಾದು ನಿಂಗೆ ಗೊತ್ತೈತೆ. ಸೋಮವಾರದಿಂದ ಎಲ್ಲಾ ನೀನೇ ಬೆಸೀಬೇಕಾಗ್ತೈತೆ, ನಾ ಬಾಜೂಕ ನಿಂತಿರ್ತೀನಿ."

ಮಾಲತೇಶಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಭರಮಣ್ಣ ಸರ್ಟಿಫಿಕೇಟನ್ನು ಜೋಪಾನವಾಗಿ ಸುರುಳಿ ಸುತ್ತಿ, ಅವನ ಮೊಣಕೈ ಮುಟ್ಟಿದ.

"ಒಂದೀಟು ಜ್ವಾಕೆಯಿಂದ ಮಾಡಣ್ಣ. ಹತ್ತು ವರ್ಷದಾಗ ಇಂಥ ಕೈ ನೋಡಿಲ್ಲ ಅಂದಾರೆ. ನನ್ನ ಹೆಸ್ರು ಕೆಡಿಸ್ಬ್ಯಾಡ."