ಎಲ್ಲರ ಮಾತು ಕೇಳಿದ ಗರಿಗಾಳ

ಹುಂಜ ಎರಡನೇ ಸಲ ಕುಕ್ಕಿದಾಗಲೂ ತೊಕುಜಿ ಹಿಡಿತ ಬಿಡಲಿಲ್ಲ. ಅದರ ಬಾಲದಿಂದ ಒಂದು ಗರಿ ಕಿತ್ತುಕೊಂಡು ಕೆಸರುಹಿಮದಲ್ಲಿ ಮಂಡಿಯೂರಿ ಬಿದ್ದ. ತಲೆ ಎತ್ತಿದರೆ ಬೇಲಿಯಾಚೆ ಹುಂಜದ ಯಜಮಾನ, ಕ್ಷೌರಿಕ ಶಿಗೆಮತ್ಸು, ಹಲ್ಲುಜ್ಜುತ್ತ ನಿಂತಿದ್ದ.

ಬೈಯುತ್ತಾನೆ ಅಂದುಕೊಂಡರೆ ಅವನು ಬ್ರಷ್ಷನ್ನು ಬಾಯಿಂದ ತೆಗೆದು, "ಬಾಲದ್ದು ಯಾಕೆ ಕಿತ್ತೆ ಮಾರಾಯ? ಕುತ್ತಿಗೆದು ಬೇಕು, ಅದೂ ಕರಿದು. ತಣ್ಣೀರಲ್ಲಿ ಮೀನಿಗೆ ಕಾಣೋದೇ ಕರಿದು," ಅಂದ.

ತೊಕುಜಿ ಬಗ್ಗಿ ಕ್ಷಮೆ ಕೇಳಿದ, ಬಗ್ಗಿ ಉಪಕಾರ ಸ್ಮರಿಸಿದ, ಮತ್ತೆ ಹುಂಜದ ಹಿಂದೆ ಓಡಿದ. ಯಾರು ಏನು ಹೇಳಿದರೂ ಇಲ್ಲ ಎನ್ನಲು ಬಾರದ ಮನುಷ್ಯ ಅವನು. ತೋಚಿಸಾವಾ ಕೇರಿಗೆಲ್ಲ ಸೋಯಾ ಹಾಲು ಒಡೆಸಿ ತೋಫು ಮಾಡಿ ಕೊಡುತ್ತಿದ್ದ. ಅವನ ಸ್ವಭಾವವೂ ಅವನ ತೋಫುವಿನ ಹಾಗೆಯೇ, ಯಾರು ಬೆರಳಿಟ್ಟರೂ ಗುರುತು ಬೀಳುತ್ತಿತ್ತು.

ಅವತ್ತು ಮಾರ್ಚ್ ತಿಂಗಳ ಹೊಳೆ ತೆರೆಯುವ ದಿನ. ಚಳಿಗಾಲವೆಲ್ಲ ಮುಚ್ಚಿದ್ದ ಮೀನುಗಾರಿಕೆ ಅವತ್ತಿನಿಂದ ಶುರು. ಗಾಳಕ್ಕೆ ಗರಿ ಸುತ್ತಿ ಹುಳುವಿನಂತೆ ಕಾಣಿಸುವ ಗರಿಗಾಳವನ್ನು, ಕೇರಿಯಲ್ಲಿ ಗಾಳ ಹಾಕುವ ನಾಲ್ವರಲ್ಲಿ ಪ್ರತಿಯೊಬ್ಬನೂ ಅವತ್ತಿನ ಬೆಳಿಗ್ಗೆಯೇ, ತನ್ನ ಮನೆಯ ಹೊಸ್ತಿಲ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಕಟ್ಟಬೇಕು. ಬಿಸಿಲು ನೀರಿಗೆ ಇಳಿದ ಮೇಲೆ ಹೊಳೆಗೆ ಹೋಗಬೇಕು. ಮಧ್ಯಾಹ್ನ ಕೇರಿಯ ಸಭಾಮನೆಯಲ್ಲಿ ತಕ್ಕಡಿ. ತಕ್ಕಡಿಗೆ ಬಂದ ಮೀನುಗಳಲ್ಲಿ ಅತಿ ಚಿಕ್ಕದು ಯಾರದೋ, ಆ ವರ್ಷ ಅವನೇ ಕೇರಿಯ ಮುಖ್ಯಸ್ಥ.

ಮುಖ್ಯಸ್ಥ ಅಂದರೆ ಗೌರವದ ಹುದ್ದೆಯೇನಲ್ಲ. ತಪ್ಪು ದಿನ ಕಸ ಹೊರಗಿಟ್ಟವರಿಗೆ ನೋವಾಗದಂತೆ ಬುದ್ಧಿ ಹೇಳಬೇಕು, ಸಾವಿನ ಮನೆಯ ಬಾಗಿಲಲ್ಲಿ ಚಪ್ಪಲಿ ಜೋಡಿಸಬೇಕು, ಶಿಗೆಮತ್ಸುವಿನ ನಾಯಿಯ ಬೊಗಳುವಿಕೆಯ ಬಗ್ಗೆ ಎರಡೂ ಕಡೆಯವರ ಅಹವಾಲು ಕೇಳಬೇಕು. ಮೂರು ವರ್ಷದಿಂದ ಅದು ತೊಕುಜಿಯ ಪಾಲಿಗೇ ಬಂದಿತ್ತು. ಮೀನು ಹಿಡಿಯದೇ ತಪ್ಪಿಸಿಕೊಳ್ಳಬಹುದಲ್ಲ ಅಂದರೆ ಅದೂ ಆಗುವ ಮಾತಲ್ಲ. ಬರಿ ಬುಟ್ಟಿ ಹೊತ್ತು ಬಂದ ಗಂಡಸನ್ನು ತೋಚಿಸಾವಾದ ಹೆಂಗಸರು ಸಾಯುವವರೆಗೂ ಆಡಿಕೊಳ್ಳುತ್ತಿದ್ದರು.

ಹೆಂಡತಿ ಸುಮಿಯೆಗೆ ಸಮುದ್ರ ತೋರಿಸುತ್ತೇನೆಂದು ತೊಕುಜಿ ಮೂರು ಸಲ ಮಾತು ಕೊಟ್ಟಿದ್ದ. ಮೂರು ಸಲವೂ ಕೇರಿಯ ಕೆಲಸ ಅಡ್ಡ ಬಂದಿತ್ತು. ಈ ಸಲ ಅವಳು ಚೀಲ ತುಂಬಿ ಬಾಗಿಲ ಬಳಿ ಇಟ್ಟಿದ್ದಳು. ಸಂಜೆ ಬಸ್ಸಿಗೆ ಹೊರಡುವುದೇ. ಗಂಡ ಬಂದರೆ ಇಬ್ಬರು, ಬಾರದಿದ್ದರೆ ಒಬ್ಬಳು.

ತೊಕುಜಿ ಹೊಸ್ತಿಲ ಮೇಲೆ ಕೂತು ಕರಿ ಗರಿ ಸುತ್ತತೊಡಗಿದ. ಸದಾ ನೀರಲ್ಲಿದ್ದು ಉಬ್ಬಿದ ಬೆರಳುಗಳಿಗೆ ದಾರ ನಿಲ್ಲುತ್ತಿರಲಿಲ್ಲ. ಅಷ್ಟರಲ್ಲಿ ನಿವೃತ್ತ ಹಗಿವಾರಾ ಮೇಷ್ಟ್ರು ವಾಕಿಂಗ್ ನಿಲ್ಲಿಸಿ ಬಗ್ಗಿ ನೋಡಿದರು. ಹುಂಜದ ಗರಿ ಒರಟು, ನಿಧಾನ ನೀರಲ್ಲಿ ಜೀವವಿದ್ದಂತೆ ಮಿಡುಕುವುದಿಲ್ಲ, ಹೆಣ್ಣು ಕಾಡುಕೋಳಿಯದೇ ಆಗಬೇಕು ಎಂದು ವಿವರಿಸಿ, ಜೇಬಿನಿಂದ ಒಂದು ಗರಿಯನ್ನೂ ಕೊಟ್ಟರು. ಗಾಳ ಎಳ್ಳಿನಷ್ಟೇ ಇರಲಿ, ಈಗ ಹಿಮದ ಮೇಲೆ ಹರಿದಾಡುವ ಹುಳುಗಳು ಅಷ್ಟೇ ಇರುತ್ತವೆ ಎಂದೂ ಸೇರಿಸಿದರು. ಅವರು ತಿರುವಿನಲ್ಲಿ ಮರೆಯಾಗುವ ಮೊದಲೇ ಮರ ಕಡಿಯುವ ಮುದುಕ ಕುಹೆಯ್ ಬಂದ. ಈ ಚಳಿಯಲ್ಲಿ ಮೀನು ತಳದಲ್ಲಿ ತೂಕಡಿಸುತ್ತದೆ, ಎಳ್ಳು ತಿನ್ನಲು ಎದ್ದು ಬರುತ್ತದೆಯೇ, ದೊಡ್ಡ ಗಾಳ ತಗೋ, ಜರೀಗಿಡದ ಚಿಗುರಿನ ಮೇಲಿನ ಹತ್ತಿಯಂಥ ನವಿರು ಸುತ್ತಿ ದಪ್ಪ ಮಾಡು ಅಂದ. ಹತ್ತಿಯನ್ನೂ ತಾನೇ ತಂದಿದ್ದ.

"ಅವರಿಗೆ ಬೇಕಿರೋದು ನೀವು ಸೋಲೋದು," ಸುಮಿಯೆ ಒಳಗಿಂದಲೇ ಹೇಳಿದಳು. "ಯಾರಾದ್ರೂ ಒಬ್ಬರ ಮಾತಿಗೆ ಆಗಲ್ಲ ಅನ್ನಿ ನೋಡೋಣ."

"ಪಾಪ, ಪ್ರೀತಿಯಿಂದ ಕೊಟ್ಟಿದಾರೆ ಕಣೆ."

ಯಾರ ಮನಸ್ಸಿಗೂ ನೋವಾಗಬಾರದೆಂದು ತೊಕುಜಿ ಕುಹೆಯ್ ಹೇಳಿದ ದೊಡ್ಡ ಗಾಳಕ್ಕೆ ಅವನ ಹತ್ತಿ ಸುತ್ತಿ, ಅದರ ಮೇಲೆ ಕ್ಷೌರಿಕನ ಕರಿ ಗರಿ, ಅದರ ಮುಂದೆ ಮೇಷ್ಟ್ರ ಕಾಡುಕೋಳಿಯ ಗರಿ ಕಟ್ಟಿ, ಎಳ್ಳಿನಷ್ಟು ಚಿಕ್ಕ ಗಾಳವೊಂದನ್ನು ಬಾಲಕ್ಕೆ ನೇತುಹಾಕಿದ. ಕೊನೆಗೆ ಅದು ಮದುವೆಮನೆಯಿಂದ ತಪ್ಪಿಸಿಕೊಂಡು ಬಂದ ಜಿರಳೆಯಂತೆ ಕಾಣಿಸಿತು. ಸುಮಿಯೆ ಅದನ್ನು ನೋಡಿ ಚೀಲಕ್ಕೆ ಇನ್ನೊಂದು ಜೊತೆ ಬಟ್ಟೆ ತುರುಕಿದಳು.

ಹೊಳೆಯಲ್ಲಿ ಒಳ್ಳೆಯ ಜಾಗಗಳನ್ನೆಲ್ಲ ಉಳಿದವರು ಹಿಡಿದಿದ್ದರು. ತೊಕುಜಿಗೆ ಸಿಕ್ಕಿದ್ದು ಮೇಲ್ಗಡೆ, ಹಿಮ ಜೋತುಬಿದ್ದಿದ್ದ ಬಂಡೆಯ ಕೆಳಗಿನ ಕತ್ತಲೆ ಮಡು. ಮೊದಲ ಎಸೆತಕ್ಕೆ ಗಾಳ ಅವನ ಟೋಪಿಗೇ ಸಿಕ್ಕಿತು. ಎರಡನೆಯದಕ್ಕೆ ಕೋಟಿನ ಬೆನ್ನಿಗೆ ಸಿಕ್ಕಿತು. ಕೋಟು ಬಿಚ್ಚಿ, ಗಾಳ ಕಿತ್ತು, ಮತ್ತೆ ತೊಡುವಷ್ಟರಲ್ಲಿ ಒಂದು ತೋಳು ಹೊಳೆಯಲ್ಲಿ ಅದ್ದಿಹೋಗಿತ್ತು. ಮೂರನೆಯದು ಬಂಡೆಯ ಹಿಮದಲ್ಲಿ ಹೂತುಕೊಂಡಿತು. ಸಿಟ್ಟಿನಿಂದ ಜಗ್ಗಿದ. ಹಿಮದ ಗಡ್ಡೆಯೇ ಕಳಚಿ ಗಾಳದ ಸಮೇತ ಮಡುವಿಗೆ ಬಿತ್ತು. ಗಡ್ಡೆ ಕರಗಿತು, ದಾರ ಮಾತ್ರ ಮೇಲಕ್ಕೆ ಬರಲಿಲ್ಲ. ಅದು ನಿಧಾನವಾಗಿ, ಗಂಭೀರವಾಗಿ, ಹೊಳೆಗೆ ಅಡ್ಡಲಾಗಿ ನಡೆಯತೊಡಗಿತು.

ದಡಕ್ಕೆ ಬಂದ ಇವಾನಾ ಮೀನು ಒಂದು ಮೊಳಕ್ಕಿಂತ ಉದ್ದವಿತ್ತು. ತೋಚಿಸಾವಾದಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ.

ಅಲ್ಲಿಗೆ ಸುಮ್ಮನೆ ಮನೆಗೆ ಹೋಗಿದ್ದರೆ ಆಗುತ್ತಿತ್ತು. ಆದರೆ ಜನ್ಮದಲ್ಲಿ ಮೊದಲ ಸಲ ಹೆಮ್ಮೆಪಡುವ ಕಾರಣ ಸಿಕ್ಕಿದೆ. ಮೀನನ್ನು ಕೂಸಿನಂತೆ ಎತ್ತಿಕೊಂಡು ದಂಡೆಯುದ್ದಕ್ಕೂ ಒಬ್ಬೊಬ್ಬರ ಬಳಿಯೂ ನಿಂತು, ನಿಮ್ಮ ಗರಿಯಿಂದಲೇ ಆಯಿತು, ನಿಮ್ಮ ಹತ್ತಿಯಿಂದಲೇ ಆಯಿತು ಎಂದು ಬಗ್ಗಿ ಬಗ್ಗಿ ಉಪಕಾರ ಸ್ಮರಿಸಿದ. ಅವರ ಬುಟ್ಟಿಗಳಲ್ಲಿ ಬೆರಳುದ್ದದ ಮೀನುಗಳಿದ್ದವು. ಅವರು ತೊಕುಜಿಯ ಮೀನು ನೋಡಿದರು, ತಮ್ಮದನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

ಮಧ್ಯಾಹ್ನ ಸಭಾಮನೆಗೆ ಸುಮಿಯೆಯೂ ಚೀಲ ಹಿಡಿದೇ ಬಂದಳು, ಮುಖದಲ್ಲಿ ಹೊಸ ಕಳೆಯಿತ್ತು. ಸಮುದ್ರಕ್ಕೆ ಯಾವ ಅಂಗಿ ಹಾಕಿಕೊಳ್ಳುತ್ತೀರಿ ಎಂದು ಗಂಡನ ಕಿವಿಯಲ್ಲಿ ಕೇಳಿದಳು. ತೊಕುಜಿಯ ಮೀನು ಇಡುತ್ತಲೇ ತಕ್ಕಡಿಯ ತಟ್ಟೆ ದಡಕ್ಕನೆ ಕೂತಿತು. ಉಳಿದ ಮೂವರೂ ತಡವಾಗಿ ಬಂದರು, ಸಾಲಾಗಿ ನಿಂತರು, ಬುಟ್ಟಿ ಬೋರಲು ಹಾಕಿದರು. ಮೂರೂ ಖಾಲಿ.

ಹೆಂಗಸರು ಬಾಯಿಗೆ ಸೆರಗು ಮುಚ್ಚಿದಂತೆ ತೋಳು ಅಡ್ಡ ಹಿಡಿದು ನಕ್ಕರು. ಮೂವರೂ ಆ ನಗೆಯನ್ನು ಔಷಧಿಯಂತೆ ನುಂಗಿದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ತಕ್ಕಡಿಗೆ ಬಂದಿರೋದು ಒಂದೇ ಮೀನು. ಅತಿ ದೊಡ್ಡದು ತೊಕುಜಿದೇ, ಒಪ್ಪೋಣ. ಅತಿ ಚಿಕ್ಕದೂ ಅವನದೇ."

ಸುಮಿಯೆ ಗಂಡನನ್ನು ಒಮ್ಮೆ ನೋಡಿದಳು, ಈಗಲಾದರೂ ಆಗಲ್ಲ ಅನ್ನುತ್ತಾನೇನೋ ಎಂದು ಸ್ವಲ್ಪ ಹೊತ್ತು ಕಾದಳು, ಆಮೇಲೆ ಚೀಲ ಎತ್ತಿಕೊಂಡು ಹೊರಗೆ ನಡೆದಳು. ಬಸ್ ನಿಲ್ದಾಣದ ಕಡೆಗೆ ಅವಳ ಹೆಜ್ಜೆಯ ಸದ್ದು ಹಿಮದಲ್ಲಿ ಕೇಳಿಸುತ್ತಲೇ ಇತ್ತು.

ತೊಕುಜಿ ಮೀನನ್ನು ಎರಡೂ ಕೈಯಲ್ಲಿ ಎತ್ತಿ ಕುಹೆಯ್‌ನ ಮುಂದೆ ಹಿಡಿದ. "ತಾತ, ಈ ವರ್ಷ ಒಂದು ನೀನು ಮುಖ್ಯಸ್ಥನಾಗು. ಈ ಮೀನು ಪೂರ್ತಿ ನಿನಗೇ. ಇಲ್ಲೇ ಉಪ್ಪು ಹಚ್ಚಿ ಸುಟ್ಟು ಕೊಡ್ತೀನಿ."

ಕುಹೆಯ್ ಹಲ್ಲಿನ ಸಂದಿಯಿಂದ ಒಂದು ಸಣ್ಣ ಮುಳ್ಳು ತೆಗೆದು ಪಕ್ಕಕ್ಕಿಟ್ಟ.

"ಬೇಡ. ನಮ್ಮದು ಹೊಳೆ ದಂಡೇಲೇ ಊಟ ಆಯ್ತು."