ಠಾಣೆಯಲ್ಲಿ ಬಾರಿಸೋದಿದೆ

‘ಮುಂದೆ’ ಎಂಬ ಮಾತಿಗೆ ‘ಹಿಂದೆ’ ಎಂಬ ಪ್ರಾಸ ಅಷ್ಟು ಸಲೀಸಾಗಿ ಸಿಗದೇ ಹೋಗಿದ್ದರೆ ನಾಗೇಂದ್ರನಿಗೆ ಆ ಸೋಮವಾರ ಅಂಥ ಗತಿ ಬರುತ್ತಿರಲಿಲ್ಲ. ದಟ್ಟಗಳ್ಳಿಯಲ್ಲಿ ಸಣ್ಣದೊಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಬಿಡುವಾದಾಗ ಬಡಾವಣೆಯ ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸಿಕೊಂಡು ತನ್ನ ಪಾಡಿಗೆ ತಾನಿದ್ದ ಮನುಷ್ಯ. ಹಾಡು ಕಟ್ಟುವುದು ಅವನ ಕಸುಬಲ್ಲ. ಆದರೆ ಗಣೇಶನ ಹಬ್ಬಕ್ಕೆ ಅತಿಥಿಯಾಗಿ ಬಂದಿದ್ದ ಇನ್ಸ್‌ಪೆಕ್ಟರ್ ದೇವರಾಜು ಅವರು ದೀಪ ಹಚ್ಚಿ, ಎರಡು ಹಾಡು ಕೇಳಿ, ಎರಡು ದೊನ್ನೆ ಪ್ರಸಾದ ತಿಂದು ಜೀಪು ಹತ್ತುವಾಗ ಅವರ ಹೊಟ್ಟೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಅದನ್ನು ಕಂಡ ನಾಗೇಂದ್ರನ ನಾಲಿಗೆ ತುರಿಸಿತು. ಜೀಪು ತಿರುವು ದಾಟಿದ್ದೇ ತಡ, ಮೈಕು ಕಿತ್ತುಕೊಂಡು ಹಾಡಿಯೇ ಬಿಟ್ಟ:

ಹೊಟ್ಟೆ ಬಂತು ಮುಂದೆ ಮುಂದೆ,
ಸಾಹೇಬ್ರ್ ಬಂದ್ರು ಹಿಂದೆ ಹಿಂದೆ!
ಕಳ್ಳ ಕೇಳ್ದ, ನಿಂತ್ಕೋಬೇಕಾ?
ತಾಳು, ಉಸ್ರು ತಗೊಂಡ್ ಬಂದೆ!

ಜನ ಬಿದ್ದು ಬಿದ್ದು ನಕ್ಕರು. ಹತ್ತಾರು ಮಂದಿ ಫೋನಿನಲ್ಲಿ ಹಿಡಿದುಕೊಂಡರು. ಅವತ್ತು ನಾಗೇಂದ್ರನಿಗೂ ಭಾರಿ ಖುಷಿಯಾಗಿತ್ತು.

ಸೋಮವಾರ ಬೆಳಗ್ಗೆ ಅವನು ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಿದ್ದಾಗ ಎದುರು ಮನೆಯ ವಸಂತಮ್ಮ ಒಳಗೆ ನುಗ್ಗಿದರು. ಬೀದಿಯಲ್ಲಿ ಯಾರ ಮನೆಗೆ ಯಾರು ಬಂದರೂ ಮೊದಲು ವಸಂತಮ್ಮನಿಗೆ ಹೇಳಿ ಹೋಗಬೇಕೆಂಬುದು ಬರೆಯದ ಕಾನೂನು.

“ನಾಗೇಂದ್ರ, ಪೊಲೀಸ್ನೋರು ಬಂದಿದ್ರು ಕಣಪ್ಪ!” ಎಂದರು, ಕುಕ್ಕರಿನಂತೆ ಬುಸುಗುಟ್ಟುತ್ತ. “ಸಂಜೆ ನಾಲ್ಕಕ್ಕೆ ಠಾಣೆಗೆ ಬರಬೇಕಂತೆ. ಬಾರಿಸೋದಿದೆಯಂತೆ.”

“ಬಾರಿಸೋದಾ?”

“ಹೂಂ. ಸಾಹೇಬ್ರ ಮುಂದೇನೇ. ಚೆನ್ನಾಗಿ ಬಾರಿಸ್ಬೇಕು ಅಂತ ಸಾಹೇಬ್ರೇ ಹೇಳವ್ರಂತೆ. ಆ ಪೊಲೀಸಪ್ಪ ನಗ್ತಾ ನಗ್ತಾ ಹೇಳ್ಬುಟ್ಟು ಹೋದ, ಅದೇ ನಂಗೆ ಭಯ ಆಗಿದ್ದು.”

ಟವೆಲು ಕೈಯಿಂದ ಜಾರಿತು. ಬಾರಿಸುವುದು ಎಂಬ ಮಾತನ್ನು ನಾಗೇಂದ್ರ ದಿನಕ್ಕೆ ಹತ್ತು ಸಲ ಆಡುತ್ತಿದ್ದ. ಅವನು ಆಡಿದರೆ ಅದು ಸಂಗೀತ. ಅದೇ ಮಾತು ಠಾಣೆಯಿಂದ ಬಂದರೆ ಅದಕ್ಕೆ ಏನರ್ಥವೆಂದು ಮೈಸೂರಿನಲ್ಲಿ ಯಾರಿಗೂ ನಿಘಂಟು ನೋಡಿ ಹೇಳಬೇಕಾಗಿಲ್ಲ. ಅವನು ತನ್ನ ಹತ್ತೂ ಬೆರಳುಗಳನ್ನು ಕಣ್ಣ ಮುಂದೆ ಹಿಡಿದು ನೋಡಿಕೊಂಡ. ಮಿಕ್ಕ ಮೈಗೆ ನಾಲ್ಕೇಟು ಬಿದ್ದರೆ ವಾಸಿಯಾದೀತು. ಲಾಠಿ ಬೆರಳ ಗೆಣ್ಣಿಗೆ ಬಿದ್ದರೆ ಡ್ರಮ್ಮಿನ ಕಥೆ ಅಲ್ಲಿಗೆ ಮುಗಿದಂತೆ. ಬೇರೆ ಯಾವ ವಿದ್ಯೆಯೂ ಕೈಹತ್ತದ ಅವನಿಗೆ ದೇವರು ಕೊಟ್ಟದ್ದು ಅದೊಂದೇ. ಅವನಿಗೆ ಅಳು ಬಂದುಬಿಟ್ಟಿತು.

“ನಾನವತ್ತೇ ಹೇಳ್ಲಿಲ್ವೇನ್ರೀ?” ಹೆಂಡತಿ ವಾಣಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. “ಪೊಲೀಸ್ನೋರ ಹೊಟ್ಟೆ ತಂಟೆಗೆ ಹೋಗ್ಬೇಡಿ ಅಂತ ಬಡ್ಕೊಂಡೆ.”

“ಹಾಡಿದ್ಮೇಲೆ ಬಡ್ಕೊಂಡೆ ಕಣೇ ನೀನು!”

“ಮುಂಚೆ ಹೇಳಿದ್ರೆ ಕೇಳ್ತಿದ್ರಾ?”

“ನಮ್ಮಮ್ಮನ ಊರಿಗೆ ಹೋಗ್ಬುಡ್ಲಾ?” ಎಂದ ನಾಗೇಂದ್ರ.

“ಅಲ್ಲಿಗೂ ಜೀಪ್ ಬರುತ್ತೆ. ವಯಸ್ಸಾದೋರ ಮುಂದೆ ಎಳ್ಕೊಂಡೋದ್ರೆ ಚೆಂದಾನಾ?” ಎಂದು ವಸಂತಮ್ಮ ಮನೆಗೆ ಹೋಗಿ ಒಂದು ಬಟ್ಟಲು ಹರಳೆಣ್ಣೆ ತಂದರು. “ಮುಂಚೇನೇ ಹಚ್ಕೊಂಬುಡು. ಏಟು ಬಿದ್ರೆ ಜಾರ್ಕೊಂಡೋಗುತ್ತೆ. ಬೆರಳಿಗೆ ಸ್ವಲ್ಪ ಜಾಸ್ತೀನೇ ಮೆತ್ಕೋ.”

ಹೆದರಿದವನಿಗೆ ಯಾರು ಹೇಳಿದ್ದೂ ಸರಿಯೇ. ನಾಗೇಂದ್ರ ಅಂಗೈ, ಮುಂಗೈ, ಮೊಣಕೈವರೆಗೂ ಎಣ್ಣೆ ತಿಕ್ಕಿಕೊಂಡ. ಅಷ್ಟರಲ್ಲಿ ಸುದ್ದಿ ಬೀದಿಯ ಕೊನೆ ಮುಟ್ಟಿ, ಅಲ್ಲಿಂದ ಮರಿಯಯ್ಯನವರನ್ನು ಕರೆದುಕೊಂಡು ಬಂತು. ಮರಿಯಯ್ಯನವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ನಿವೃತ್ತರಾದ ಮೇಲೆ ಯಾರೂ ತಮ್ಮನ್ನು ಕಾನೂನು ಕೇಳುತ್ತಿಲ್ಲವೆಂಬ ಕೊರಗಿನಲ್ಲಿದ್ದರು. ಅವತ್ತು ಅವರ ಮುಖದಲ್ಲಿ ಹಬ್ಬದ ಕಳೆಯಿತ್ತು.

“ಹೆದರ್ಬೇಡ. ಅವ್ರು ಕೈ ಎತ್ತೋಕ್ ಮುಂಚೆ ನೀನು ಕ್ಷಮಾಪಣೆ ಪತ್ರ ಕೊಟ್ಬುಡ್ಬೇಕು. ಪತ್ರ ತಗೊಂಡ್ಮೇಲೆ ಬಾರಿಸೋ ಹಾಗಿಲ್ಲ,” ಎಂದು ಕುರ್ಚಿ ಎಳೆದುಕೊಂಡು ಕೂತರು. “ಬರ್ಕೋ. ಇನ್ಸ್‌ಪೆಕ್ಟರ್ ಸಾಹೇಬರ ಸನ್ನಿಧಾನಕ್ಕೆ.”

“ದೇವರಾಜು ಅವ್ರಿಗೆ ಅಂತ ಬರೀಲಾ?”

“ಹೆಸರು ಹಾಕ್ಲೇಬಾರ್ದು. ಹುದ್ದೆಗೆ ಬರೀಬೇಕು, ವ್ಯಕ್ತಿಗಲ್ಲ. ಸರ್ಕಾರಿ ಪತ್ರದ ಕ್ರಮ ಅದು. ಮತ್ತೆ ತಾರೀಕೂ ಬೇಡ. ತಾರೀಕು ಹಾಕಿದ್ರೆ ಕೇಸಾಗುತ್ತೆ.”

“ಹಾಡು ಬರೀಬೇಕಾ?”

“ಅಪರಾಧದ ಪೂರ್ತಿ ವಿವರ ಇಲ್ದಿದ್ರೆ ಕ್ಷಮೆ ಊರ್ಜಿತವಾಗಲ್ಲ ಕಣಯ್ಯ. ನಾಲ್ಕೂ ಸಾಲು ಬರಿ. ತಮ್ಮ ಹೊಟ್ಟೆಯ ಬಗ್ಗೆ ಅಂತ ಸ್ಪಷ್ಟವಾಗಿರ್ಲಿ. ಠಾಣೇಲಿ ಸೀಲ್ ಹಾಕಿಸ್ಕೊಂಡು ಒಂದು ಪ್ರತಿ ವಾಪಸ್ ತಗೋ. ಸೀಲಿಲ್ಲದ ಕಾಗದ ಕಸಕ್ಕೆ ಸಮ.”

ನಾಗೇಂದ್ರ ಬರೆದ. ತನ್ನ ಅಂಗಡಿಯಲ್ಲೇ ಮೂರು ಪ್ರತಿ ತೆಗೆದ. ಮೂರರ ಮೇಲೂ ಹರಳೆಣ್ಣೆಯ ಬೆರಳಚ್ಚು ಬಿತ್ತು. ಹೊರಡುವಾಗ ವಾಣಿ ದೇವರ ಕುಂಕುಮ ಹಚ್ಚಿದಳು. ವಸಂತಮ್ಮ ಕಣ್ಣೊರೆಸಿಕೊಂಡರು.

ಠಾಣೆಯ ಮುಂದೆ ಶಾಮಿಯಾನ ಹಾಕಿತ್ತು. ಸಾಲಾಗಿ ಕುರ್ಚಿಗಳಿದ್ದವು. ಕುರ್ಚಿಗಳ ತುಂಬ ಪೊಲೀಸರಿದ್ದರು. ಒಬ್ಬನಿಗೆ ಬಾರಿಸುವುದನ್ನು ನೋಡಲು ಇಷ್ಟು ಜನವೇ ಎಂದುಕೊಂಡ ನಾಗೇಂದ್ರ. ತಲೆ ತಗ್ಗಿಸಿ ನೇರ ಒಳಗೆ ಹೋಗಿ, ಮೇಜಿನ ಹಿಂದೆ ಕೂತು ದಾಖಲೆ ಬರೆಯುತ್ತಿದ್ದ ಠಾಣೆಯ ಬರಹಗಾರರ ಮುಂದೆ ಪತ್ರ ಹಿಡಿದ.

“ಸೀಲ್ ಹಾಕ್ಕೊಡಿ ಸಾರ್, ದಮ್ಮಯ್ಯ.”

ಅವರು ಪತ್ರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, “ಇದೇನ್ರೀ ಬೋಂಡ ಸುತ್ತಿದ್ರಾ?” ಎಂದರು. ಓದಲಿಲ್ಲ. ಸೀಲು ಒತ್ತಿ, ನಂಬರು ಹಾಕಿ, ಒಂದು ಪ್ರತಿ ಹಿಂದಕ್ಕೆ ಕೊಟ್ಟು, ಇನ್ನೊಂದನ್ನು ಸಾಹೇಬರ ಕೋಣೆಗೆ ಕಳಿಸಿದರು. ಬೆಳಗಿನಿಂದ ಮೊದಲ ಬಾರಿಗೆ ನಾಗೇಂದ್ರ ಪೂರ್ತಿ ಉಸಿರೆಳೆದುಕೊಂಡ.

ಹಿಂದಿನಿಂದ ಹೆಗಲ ಮೇಲೊಂದು ಕೈ ಬಿತ್ತು. “ಅಯ್ಯೋ, ಹೊಡೀಬೇಡಿ!” ಎಂದು ಕಿರುಚಿ ಅವನು ಮೇಜನ್ನು ತಬ್ಬಿಕೊಂಡ.

“ಯಾಕ್ ಸಾರ್ ಹಿಂಗಾಡ್ತೀರಾ? ನಾನು ಪ್ರಸನ್ನ, ಬೆಳಗ್ಗೆ ನಿಮ್ಮನೆಗೆ ಬಂದಿದ್ನಲ್ಲ,” ಎಂದ ಕಾನ್‌ಸ್ಟೇಬಲ್. “ಬೇಗ ಬನ್ನಿ, ಬ್ಯಾಂಡ್‌ನೋರು ಕಾಯ್ತಾವ್ರೆ. ಸೈಡ್ ಡ್ರಮ್ ಬಾರಿಸೋರಿಗೆ ಜ್ವರ. ಗಣೇಶನ ಹಬ್ಬದಲ್ಲಿ ಬಾರಿಸ್ತಿದ್ರಲ್ಲ, ಅವ್ರನ್ನೇ ಕರೀರಿ ಅಂತ ದೇವರಾಜು ಸಾಹೇಬ್ರೇ ಹೇಳಿದ್ರು. ಇವತ್ತು ಅವರ ಬೀಳ್ಕೊಡುಗೆ.”

“ಬಾರಿಸೋದು... ಅಂದ್ರೆ ನಾನಾ?”

“ಮತ್ತೆ ನಾನಾ?”

“ಸಾಹೇಬ್ರು... ನನ್ನ ಹಾಡು ಕೇಳಿಲ್ವಾ?”

“ನೀವು ಹಾಡೂ ಹೇಳ್ತೀರಾ?” ಎಂದು ಪ್ರಸನ್ನ ಸಂತೋಷಪಟ್ಟ.

ನಾಗೇಂದ್ರನಿಗೆ ನಗು ಉಕ್ಕಿತು. ಅದು ಅರ್ಧ ದಾರಿಯಲ್ಲೇ ಸತ್ತಿತು. ಯಾರಿಗೂ ಗೊತ್ತಿಲ್ಲದ ಅಪರಾಧವನ್ನು ತಾನೇ ಬರೆದು, ತಾನೇ ಸಹಿ ಮಾಡಿ, ತಾನೇ ಒಳಗೆ ಕಳಿಸಿದ್ದ.

“ಸಾರ್, ಆ ಕಾಗದ ವಾಪಸ್ ಕೊಟ್ಬುಡಿ!” ಎಂದು ಬರಹಗಾರರ ಮುಂದೆ ಕೈಮುಗಿದ.

“ಸೀಲ್ ಬಿದ್ದೋಯ್ತಲ್ರೀ. ನೀವೇ ದಮ್ಮಯ್ಯ ಅಂತ ಹಾಕಿಸ್ಕೊಂಡ್ರಿ.”

ಪ್ರಸನ್ನ ಅವನನ್ನು ಎಳೆದುಕೊಂಡು ಹೋಗಿ ಬ್ಯಾಂಡಿನವರ ನಡುವೆ ನಿಲ್ಲಿಸಿ, ಕೊರಳಿಗೆ ಡ್ರಮ್ ತೂಗುಹಾಕಿದ. ಕಹಳೆಗಳು ಮೊಳಗಿದವು. ಎಣ್ಣೆಗೈಯಲ್ಲಿ ಕೋಲು ನಿಲ್ಲದು. ಒಂದು ಕೋಲು ಹಾರಿ ಮುಂದಿನ ಕ್ಲಾರಿನೆಟ್ಟಿನವರ ಟೋಪಿಗೆ ಬಿತ್ತು. ಇನ್ನೊಂದನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಕಣ್ಣನ್ನು ಸಾಹೇಬರ ಕೋಣೆಯ ಬಾಗಿಲ ಮೇಲಿಟ್ಟು ನಾಗೇಂದ್ರ ಬಾರಿಸಿದ. ಬಾಗಿಲ ಪರದೆ ಅಲ್ಲಾಡಿದಾಗಲೆಲ್ಲ ತಾಳ ದುಪ್ಪಟ್ಟಾಗುತ್ತಿತ್ತು. ಅವನ ಹಿಂದೆ ಓಡಲಾರದೆ ಬ್ಯಾಂಡಿನವರು ಏದುಸಿರು ಬಿಟ್ಟರು. ಮುಂದಿನ ಸಾಲಿನಲ್ಲಿ ಹಾರ ಹಾಕಿಕೊಂಡು ಕೂತಿದ್ದ ದೇವರಾಜು ಅವರು ಮಾತ್ರ, “ಏನು ಹುಮ್ಮಸ್ಸು ನೋಡ್ರೀ!” ಎಂದು ಚಪ್ಪಾಳೆ ತಟ್ಟಿದರು.

ಪರದೆ ಸರಿಯಿತು. ಮೊದಲು ಒಂದು ಹೊಟ್ಟೆ ಬಂತು. ಅದರ ಹಿಂದೆ ನಾಗೇಂದ್ರ ಕಂಡರಿಯದ ಒಬ್ಬ ಅಧಿಕಾರಿ ಬಂದರು. ಕೈಯಲ್ಲಿ ಎಣ್ಣೆ ಸೋರುವ ಕಾಗದವಿತ್ತು. ಮಧ್ಯಾಹ್ನವೇ ಅಧಿಕಾರ ವಹಿಸಿಕೊಂಡ ಹೊಸ ಇನ್ಸ್‌ಪೆಕ್ಟರ್ ಶಿವಪ್ರಕಾಶ್ ಎಂದು ಪ್ರಸನ್ನ ಕಿವಿಯಲ್ಲಿ ಹೇಳಿದ. ಬ್ಯಾಂಡು ನಿಂತಿತು.

“ನಾಗೇಂದ್ರ ಅಂದ್ರೆ ಯಾರ್ರೀ?” ಎಂದರು ಹೊಸ ಸಾಹೇಬರು. ಧ್ವನಿ ಏರಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು. “ನಾನು ಚಾರ್ಜ್ ತಗೊಂಡು ಮೂರು ಗಂಟೆ ಆಗಿಲ್ಲ. ಅಷ್ಟರಲ್ಲಿ ‘ತಮ್ಮ ಹೊಟ್ಟೆಯ ಬಗ್ಗೆ ಈ ಕೆಳಕಂಡ ಹಾಡನ್ನು ಸಾರ್ವಜನಿಕವಾಗಿ ಹಾಡಿರುತ್ತೇನೆ’ ಅಂತ ಬರ್ದಿದೀರಾ?”

“ಅಲ್ಲ ಸಾರ್! ಅದು ನಿಮ್ಮ ಹೊಟ್ಟೆ ಅಲ್ಲ ಸಾರ್!”

ದೇವರಾಜು ಅವರು ಕುರ್ಚಿಯಲ್ಲಿ ಹಿಂದಕ್ಕೊರಗಿ ಗಹಗಹಿಸಿ ನಕ್ಕರು. “ಬಂದ ದಿನವೇ ನಿಮ್ಮ ಮೇಲೆ ಹಾಡು ಕಟ್ಬುಟ್ರಾ ಜನ, ಶಿವಪ್ರಕಾಶ್! ನಾನು ಮೂರು ವರ್ಷ ಇದ್ದೆ. ಈ ಏರಿಯಾದಲ್ಲಿ ಒಬ್ಬನಾದ್ರೂ ನನ್ನ ಬಗ್ಗೆ ಒಂದು ಮಾತು ಅಂದಿಲ್ಲ. ಜನರ ಪ್ರೀತಿ ಕಣ್ರೀ ಅದು, ಕೇಳಿದ್ರೆ ಸಿಗಲ್ಲ.” ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿ ಬಂತು. ಕರವಸ್ತ್ರ ತೆಗೆದುಕೊಂಡರು.

ಶಿವಪ್ರಕಾಶ್ ಅವರು ಒಂದು ಹೆಜ್ಜೆ ಹತ್ತಿರ ಬಂದರು. “ನನ್ನದಲ್ಲ ಅಂದ್ರಿ. ಒಪ್ಪಿದೆ. ಮತ್ತೆ ಯಾವ ಸಾಹೇಬ್ರ ಹೊಟ್ಟೆ ಇದು? ಹೆಸರು ಹೇಳಿ, ಈಗ್ಲೇ ಬಿಟ್ಬಿಡ್ತೀನಿ.”

ಇಡೀ ಠಾಣೆ ನಾಗೇಂದ್ರನನ್ನು ನೋಡುತ್ತಿತ್ತು. ಒಂದು ಕಡೆ ಕಣ್ಣೊರೆಸಿಕೊಳ್ಳುತ್ತಿರುವ ಹೊಟ್ಟೆ, ಇನ್ನೊಂದು ಕಡೆ ಉತ್ತರಕ್ಕೆ ಕಾಯುತ್ತಿರುವ ಹೊಟ್ಟೆ.

“ಮರ್ತೋಗಿದೆ ಸಾರ್,” ಎಂದ ಕೊನೆಗೆ.

“ಪರವಾಗಿಲ್ಲ,” ಎಂದು ಶಿವಪ್ರಕಾಶ್ ಅವರು ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. “ನಾಳೆಯಿಂದ ದಿನಾ ಬೆಳಗ್ಗೆ ಹತ್ತು ಗಂಟೆಗೆ ಇಲ್ಲಿಗೆ ಬಂದು, ನನ್ನ ಎದುರು ನಿಂತ್ಕೊಂಡು ನಾಲ್ಕೂ ಸಾಲು ಹಾಡಿ. ಯಾವತ್ತು ಜ್ಞಾಪಕ ಬರುತ್ತೋ, ಅವತ್ತು ನಿಲ್ಲಿಸೋರಂತೆ.”